ಇಳಿತದ ಹೊತ್ತನ್ನೂ ಜಿಲ್ಲಾ ಪುಟದಲ್ಲಿ ಹಾಕಿ

ಮಾನ್ಯ ಸಂಪಾದಕರೇ,

ಜಿಲ್ಲಾ ಪುಟದಲ್ಲಿ ಸೂರ್ಯೋದಯ, ಸೂರ್ಯಾಸ್ತ, ಅಡಿಕೆ ಧಾರಣೆ ಕೊಡುವ ಜಾಗದಲ್ಲೇ ಕಾರವಾರ ಸಮುದ್ರದ ಉಬ್ಬರ–ಇಳಿತದ ಸಮಯವನ್ನೂ ಎರಡು ಸಾಲಿನಲ್ಲಿ ಪ್ರಕಟಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇವೆ. ಮೀನುಗಾರರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಭರ್ತಿ, ಸುಕ್ತಿ (ಉಬ್ಬರ, ಇಳಿತ) ಅವರ ದಿನದ ಮಾತು. ಅದು ಬೇಕಿರುವುದು ಟ್ಯಾಗೋರ್ ಕಡಲತೀರದಲ್ಲಿ, ಕೋಡಿಬಾಗ, ದೇವಬಾಗ, ಮಾಜಾಳಿಯ ದಂಡೆಗಳಲ್ಲಿ ಬೆಳಗಿನ ಜಾವ ಓಡುವವರಿಗೆ.

ಮಳೆ ಮುಗಿದು ನವರಾತ್ರಿ ಕಳೆಯುತ್ತಿದ್ದಂತೆ ದಂಡೆಗೆ ಹೊಸಬರು ಬರುತ್ತಾರೆ. ಸಕ್ಕರೆ ಕಾಯಿಲೆಗೆ ವೈದ್ಯರು ಹೇಳಿ ಕಳಿಸಿದವರು, ಪೊಲೀಸ್ ನೇಮಕಾತಿಯ ಫಿಸಿಕಲ್‌ಗೆ ತಯಾರಾಗುವ ಹುಡುಗರು, ಹುಡುಗಿಯರು, ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟ ನೌಕರರು. ಡಿಸೆಂಬರ್ ಹೊತ್ತಿಗೆ ಅವರಲ್ಲಿ ಬಹಳ ಜನ ಕಾಣುವುದಿಲ್ಲ. ಸೋಮಾರಿತನ ಅನ್ನುತ್ತಾರೆ ಮನೆಯವರು. ಹಾಗಲ್ಲ, ಹೆಚ್ಚಿನವರನ್ನು ನಿಲ್ಲಿಸುವುದು ಕಾಲುನೋವು. ನಮ್ಮ ಊರಿನಲ್ಲಿ ಆ ನೋವಿಗೆ ಮರಳಿನ ಇಳಿಜಾರು ದೊಡ್ಡ ಕಾರಣ.

ನೀರು ಇಳಿದಾಗ ಒದ್ದೆ ಮರಳಿನ ಅಗಲವಾದ ಪಟ್ಟಿ ತೆರೆದುಕೊಳ್ಳುತ್ತದೆ. ಅದು ಗಟ್ಟಿ, ಹೆಚ್ಚುಕಡಿಮೆ ಸಮತಟ್ಟು. ಹೆಜ್ಜೆಯಿಟ್ಟಾಗ ಹಿಮ್ಮಡಿ ಅರ್ಧ ಇಂಚಿಗಿಂತ ಆಳ ಹೂಳದಿದ್ದರೆ ಓಡಬಹುದು. ಉಬ್ಬರದಲ್ಲಿ ಈ ಪಟ್ಟಿ ಮುಳುಗಿ, ಮೇಲಿನ ಸಡಿಲ ಮರಳಿನ ಓರೆ ಮಾತ್ರ ಉಳಿಯುತ್ತದೆ. ಸಡಿಲ ಮರಳಿನಲ್ಲಿ ಹಿಮ್ಮಡಿ ಕೆಳಗಿಳಿದು, ಪ್ರತಿ ಹೆಜ್ಜೆಗೂ ಮೀನಖಂಡ ಮತ್ತು ಹಿಮ್ಮಡಿಯ ದಪ್ಪ ನರ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು) ಹೆಚ್ಚು ಜಗ್ಗಿಸಿಕೊಳ್ಳುತ್ತವೆ. ಓರೆಯಲ್ಲಿ ಸಮುದ್ರದ ಕಡೆಯ ಕಾಲು ಕೆಳಗೆ, ದಡದ ಕಡೆಯ ಕಾಲು ಮೇಲೆ ಬೀಳುತ್ತದೆ. ಸೊಂಟ ಒಂದು ಕಡೆ ವಾಲುತ್ತದೆ, ಮೇಲಿನ ಪಾದ ಒಳಕ್ಕೆ ಮಗುಚುತ್ತದೆ. ಮೂರು ವಾರ ಹೀಗೆ ಓಡಿದರೆ ಒಂದೇ ಮೊಣಕಾಲಿನ ಹೊರಮಗ್ಗುಲಲ್ಲಿ ನೋವು ಶುರುವಾಗುತ್ತದೆ. ಬಂದರಿನ ಕಡೆಯಿಂದ ಕಾಳಿ ನದಿಯ ಮುಖದತ್ತ ಓಡುವಾಗ ಸಮುದ್ರ ಎಡಕ್ಕಿರುತ್ತದೆ, ವಾಪಸು ಬರುವಾಗ ಬಲಕ್ಕೆ. ಹಾಗಾಗಿ ಹೋದ ದಾರಿಯಲ್ಲೇ ಅಷ್ಟೇ ದೂರ ತಿರುಗಿ ಬಂದರೆ ಎರಡೂ ಕಾಲಿಗೆ ಸಮ ಪಾಲು ಸಿಗುತ್ತದೆ. ಮರಳಿನಲ್ಲಿ ಹೋಗಿ ರಸ್ತೆಯಲ್ಲಿ ಮರಳುವವರಿಗೆ ಎಡಗಾಲೊಂದೇ ದಿನವೂ ಕೆಳಗೆ.

ಎರಡು ಇಳಿತಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇಂದು ಬೆಳಿಗ್ಗೆ 5.30ಕ್ಕೆ ಇಳಿತವಿದ್ದರೆ ನಾಳೆ ಅದು 6.20ರ ಆಸುಪಾಸು. ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತ ಒಂದು ವಾರದಲ್ಲಿ ಅದೇ 5.30ಕ್ಕೆ ಉಬ್ಬರ ಬಂದಿರುತ್ತದೆ, ಹದಿನೈದು ದಿನಕ್ಕೆ ಮತ್ತೆ ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು ತುಂಬ ಹಿಂದೆ ಸರಿಯುತ್ತದೆ, ಅಷ್ಟೇ ಮೇಲಕ್ಕೂ ಬರುತ್ತದೆ. ಅಷ್ಟಮಿಯ ಸುತ್ತ ವ್ಯತ್ಯಾಸ ಕಡಿಮೆ. ಇಳಿತದ ಹಿಂದೆ ಮುಂದೆ ಒಂದೂವರೆ ಗಂಟೆ ಓಡಲು ಒಳ್ಳೆಯ ಸಮಯ. ಬೆಳಿಗ್ಗೆ ಇಳಿತ ಬೀಳುವ ವಾರ ಮರಳಿನಲ್ಲಿ ಉದ್ದದ ಓಟ, ಉಬ್ಬರ ಬೀಳುವ ವಾರ ಮಾಲಾದೇವಿ ಮೈದಾನ ಅಥವಾ ಒಳರಸ್ತೆ ಎಂದು ಇಟ್ಟುಕೊಂಡರೆ ಕಾಲಿಗೆ ಬದಲಾವಣೆ ತಾನಾಗಿ ಸಿಗುತ್ತದೆ. ಗಡಿಯಾರದ 5.30ನ್ನೇ ಹಿಡಿದುಕೊಂಡವರು ತಿಂಗಳಲ್ಲಿ ಅರ್ಧದಷ್ಟು ದಿನಗಳು ಓರೆಯಲ್ಲೇ ಓಡುತ್ತಾರೆ.

ಬರಿಗಾಲಿನಲ್ಲಿ ಓಡಬೇಕೆನ್ನುವ ಹೊಸಬರು ಗಟ್ಟಿ ಒದ್ದೆ ಮರಳಿನಲ್ಲಿ 5 ನಿಮಿಷದಿಂದ ಶುರು ಮಾಡಲಿ, ವಾರಕ್ಕೆ 2 ನಿಮಿಷದಂತೆ ಏರಿಸಲಿ. ಶೂ ಹಾಕಿ ಅಭ್ಯಾಸವಾದ ಹಿಮ್ಮಡಿ ನರ ಒಮ್ಮೆಲೇ ಅಷ್ಟು ಕೆಳಕ್ಕೆ ಜಗ್ಗುವುದನ್ನು ತಾಳುವುದಿಲ್ಲ. ಗಾಳ, ಒಡೆದ ಬಾಟಲಿ, ದಡಕ್ಕೆ ಬಿದ್ದ ಜೆಲ್ಲಿ ಮೀನು ಕತ್ತಲಲ್ಲಿ ಕಾಣುವುದಿಲ್ಲ, ಬೆಳಕು ಹರಿಯುವವರೆಗೆ ಶೂ ಇರಲಿ. ಮೀನುಗಾರರು ರಂಪಣಿ ಎಂಬ ದೊಡ್ಡ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರೆ ಎಳೆಯುವವರ ಹಿಂದಿನಿಂದ ಸುತ್ತಿ ಹೋಗಬೇಕು. ಬಿಗಿದ ಹಗ್ಗವನ್ನು ಜಿಗಿದು ದಾಟುವುದು ಅಪಾಯ, ಅವರ ಕೆಲಸಕ್ಕೆ ಅಗೌರವವೂ ಹೌದು.

ಹೊಸಬರನ್ನು ಹೆದರಿಸಿ ಓಡಿಸುವ ಇನ್ನೊಂದು ಸಂಗತಿ ನಮ್ಮ ಸೆಕೆ. ಬೆಳಗಿನ ಜಾವ ತಂಪಿರುತ್ತದೆ ಎನ್ನುವುದು ನಿಜವೇ, ಆದರೆ ಗಾಳಿಯ ತೇವಾಂಶವೂ ಆಗಲೇ ಅತಿ ಹೆಚ್ಚು. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ, ಹನಿಯಾಗಿ ಕೆಳಗೆ ಬಿದ್ದರೆ ಪ್ರಯೋಜನವಿಲ್ಲ. ಮೈ ತಣಿಸಲು ರಕ್ತ ಚರ್ಮದ ಕಡೆಗೆ ಹರಿಯುವುದರಿಂದ ಅದೇ ವೇಗಕ್ಕೆ ಎದೆಬಡಿತ ಏರುತ್ತ ಹೋಗುತ್ತದೆ. ಮೊಬೈಲ್ ಆ್ಯಪ್‌ನ ವೇಳಾಪಟ್ಟಿಗೆ ಕಾರವಾರದ ಏಪ್ರಿಲ್ ಗೊತ್ತಿಲ್ಲ. ಕಿಲೋಮೀಟರಿಗೆ ಅರ್ಧ ನಿಮಿಷ ನಿಧಾನವಾದರೂ ಅದು ಹಿನ್ನಡೆಯಲ್ಲ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ತಡೆಯದೆ ಆಡಲು ಬಂದರೆ ಅದೇ ಸರಿಯಾದ ವೇಗ, ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ಹೀಗೇ ಇರಬೇಕು. ಬೆಂಗಳೂರಿನಿಂದ ರಜೆಗೆ ಬಂದವರ ಮೈ ಈ ಸೆಕೆಗೆ ಹೊಂದಲು 10ರಿಂದ 14 ದಿನ ಬೇಕು. ಎರಡನೇ ದಿನವೇ ಅಲ್ಲಿನ ವೇಗ ಹುಡುಕಿದರೆ ತಲೆಸುತ್ತು ಬರುತ್ತದೆ. ಓಡುತ್ತಿರುವಾಗ ಚಳಿ, ತೊದಲು, ಗೊಂದಲ ಕಂಡರೆ ಕೂಡಲೇ ನೆರಳು, ತಲೆ–ಕುತ್ತಿಗೆ–ಕಂಕುಳಿಗೆ ತಣ್ಣೀರು, ನಂತರ ಆಸ್ಪತ್ರೆ. ಕಾಯುತ್ತ ಕೂರುವ ಸ್ಥಿತಿ ಅದಲ್ಲ.

ನೀರೆಷ್ಟು ಕುಡಿಯಬೇಕೆಂದು ತೂಕದ ಯಂತ್ರವೇ ಹೇಳುತ್ತದೆ. ಓಟಕ್ಕೆ ಮೊದಲು 62 ಕಿಲೋ, ಒಂದು ಗಂಟೆ ಓಡಿ ಬೆವರು ಒರೆಸಿಕೊಂಡು ನಿಂತಾಗ 61.1 ಕಿಲೋ, ನಡುವೆ ಕುಡಿದದ್ದು 300 ಮಿಲಿ ಲೀಟರ್ ಎಂದಿಟ್ಟುಕೊಳ್ಳಿ. ಹೋದ ಬೆವರು 1.2 ಲೀಟರ್. ಅಷ್ಟನ್ನೂ ಓಡುತ್ತಲೇ ತುಂಬಬೇಕಿಲ್ಲ, ಬಾಯಾರಿದಾಗ ನಾಲ್ಕು ಗುಟುಕು ಸಾಕು, ಉಳಿದದ್ದು ಮನೆಗೆ ಬಂದ ಮೇಲೆ. ಓಟ ಮುಗಿದಾಗ ತೂಕ ಹೆಚ್ಚಿದ್ದರೆ ನೀರು ಅತಿಯಾಯಿತೆಂದು ಅರ್ಥ. ರಕ್ತದ ಉಪ್ಪಿನಂಶ ತೆಳುವಾಗಿ ವಾಂತಿ, ತಲೆನೋವು ಬರುತ್ತದೆ, ಪ್ರಾಣಕ್ಕೂ ಅಪಾಯ. ಒಂದು ಗಂಟೆಯೊಳಗಿನ ಓಟಕ್ಕೆ ಬರಿ ನೀರು ಸಾಕು. ಅದಕ್ಕೂ ಉದ್ದವಾದರೆ ಒಂದು ಲೀಟರ್ ನೀರಿಗೆ ಸಮ ಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಓಆರ್‌ಎಸ್ ಪೊಟ್ಟಣ ತಂದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಬೇಕು, ಒಂದು ಲೋಟಕ್ಕೆ ಸುರಿದು ಗಟ್ಟಿ ಮಾಡಿದರೆ ಹೊಟ್ಟೆ ಕೆಡುತ್ತದೆ. ಓಟದ ನಂತರ ಉಪ್ಪು ಹಾಕಿದ ಗಂಜಿತಿಳಿ, ಮುರುಗಲು ಪಾನಕ ಯಾವ ಬಣ್ಣದ ಬಾಟಲಿಗೂ ಕಡಿಮೆಯಲ್ಲ.

ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್‌ಗೆ ತಯಾರಾಗುವವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ, ತಪ್ಪುಗಳೂ ಅಲ್ಲೇ ಹೆಚ್ಚು. ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅಂದರೆ 400 ಮೀಟರಿನ ಪ್ರತಿ ಸುತ್ತಿಗೆ 97 ಸೆಕೆಂಡ್. ಹೆಚ್ಚಿನವರು ಮೊದಲ ಸುತ್ತನ್ನು 78ರಲ್ಲಿ ಓಡಿ, ಮೂರನೆಯದರಲ್ಲಿ 110ಕ್ಕೆ ಬಿದ್ದು, ಕೊನೆಯಲ್ಲಿ ನಡೆಯುತ್ತಾರೆ. ಮೊದಲ ಸುತ್ತು 95ಕ್ಕಿಂತ ಕೆಳಗೆ ಬರದಂತೆ ತಡೆದುಕೊಳ್ಳುವುದನ್ನೇ ಬೇರೆಯಾಗಿ ಅಭ್ಯಾಸ ಮಾಡಬೇಕು. ದಿನವೂ 1600 ಮೀಟರನ್ನೇ ಸ್ಟಾಪ್‌ವಾಚ್ ಹಿಡಿದು ಓಡುವುದರಿಂದ ಸಮಯ ಇಳಿಯುವುದಿಲ್ಲ, ಕಾಲು ಮಾತ್ರ ದಣಿಯುತ್ತದೆ. ವಾರಕ್ಕೆ ಒಂದು ದಿನ 400 ಮೀಟರ್ ಆರು ಸಲ, ಪ್ರತಿಯೊಂದೂ 94–95 ಸೆಕೆಂಡಿನಲ್ಲಿ, ನಡುವೆ 2 ನಿಮಿಷ ನಡಿಗೆ. ಇನ್ನೊಂದು ದಿನ 1000 ಮೀಟರ್ ಮೂರು ಸಲ, 4 ನಿಮಿಷ 10 ಸೆಕೆಂಡಿನಂತೆ. ಉಳಿದ ಮೂರು ದಿನ 5–6 ಕಿಲೋಮೀಟರ್ ಮಾತಾಡುವ ವೇಗ. ಪೂರ್ತಿ ಪರೀಕ್ಷೆ ಮೂರು ವಾರಕ್ಕೊಮ್ಮೆ ಸಾಕು. ಈ ವೇಗದ ಓಟ ಮರಳಿನಲ್ಲಿ ಬೇಡ. ಪರೀಕ್ಷೆ ಮೈದಾನದಲ್ಲಿ ನಡೆಯುತ್ತದೆ, ಮರಳಿನ ಸಮಯ ಅಲ್ಲಿಗೆ ತಾಳೆಯಾಗದು.

ಮಹಿಳೆಯರಿಗೆ 400 ಮೀಟರ್, 2 ನಿಮಿಷ. ಹೆದರಬೇಕಾದ ಅಂತರವಲ್ಲ. ನೂರು ಮೀಟರಿಗೆ 28 ಸೆಕೆಂಡಿನಂತೆ ಸಮವಾಗಿ ಓಡಿದರೆ 1 ನಿಮಿಷ 52 ಸೆಕೆಂಡಿಗೆ ಮುಗಿಯುತ್ತದೆ. ಎಷ್ಟೇ ಅಭ್ಯಾಸ ಮಾಡಿದರೂ ಏದುಸಿರು ಕಡಿಮೆಯಾಗದ ಹುಡುಗಿಯರು ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಲಿ. 12ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ, ಕಬ್ಬಿಣದ ಮಾತ್ರೆ ಬೇಕಾಗಬಹುದು. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇಂಥವರಿಗೆ "ಇನ್ನೂ ಜೋರಾಗಿ ಓಡು" ಎನ್ನುವುದು ಅನ್ಯಾಯ.

ಆರನೇ ವಾರದ ಸುಮಾರಿಗೆ ಎಲ್ಲರೂ ಹುರುಪಿನಲ್ಲಿರುತ್ತಾರೆ, ನೋವು ಶುರುವಾಗುವುದೂ ಆಗಲೇ. ಉಸಿರು ಬೇಗ ಪಳಗುತ್ತದೆ, ಎಲುಬು ಮತ್ತು ನರ ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೊಣಕಾಲಿನ ಕೆಳಗೆ ಮುಂದಿನ ಎಲುಬಿನ ಒಳಅಂಚಿನುದ್ದಕ್ಕೂ ನಾಲ್ಕಾರು ಬೆರಳಗಲ ನೋವಿದ್ದರೆ ದೂರವನ್ನು ಅರ್ಧಕ್ಕೆ ಇಳಿಸಿ ಎರಡು ವಾರ ನೋಡಬಹುದು. ಒಂದೇ ಬೆರಳ ತುದಿಯಷ್ಟು ಜಾಗ ಒತ್ತಿದರೆ ಚುಚ್ಚುವಂತಿದ್ದು, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕಿರಬಹುದು. ಆಗ ಓಟ ಪೂರ್ತಿ ನಿಲ್ಲಿಸಿ ಎಲುಬಿನ ವೈದ್ಯರನ್ನೇ ಕಾಣಬೇಕು. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು, ವರದಿ ಸರಿಯಿದೆಯೆಂದು ಮತ್ತೆ ಓಡತೊಡಗಬೇಡಿ. ಎದ್ದೊಡನೆ ಹಿಮ್ಮಡಿ ನರ ಬಿಗಿದು, ನಡೆದಂತೆ ಸಡಿಲವಾಗುತ್ತಿದ್ದರೆ ಮೆಟ್ಟಿಲ ಅಂಚಿನಲ್ಲಿ ಬೆರಳೂರಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ: 15ರಂತೆ ಮೂರು ಸಲ, ದಿನಕ್ಕೆರಡು ಹೊತ್ತು, 12 ವಾರ. ಒಂದು ವಾರ ಮಾಡಿ ಗುಣವಿಲ್ಲವೆಂದು ಬಿಡುವವರೇ ಜಾಸ್ತಿ. ಬೆಳಿಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸುವ ಅಭ್ಯಾಸವೂ ಒಳ್ಳೆಯದು. ಎರಡು ದಿನ ಸತತ ಏಳೆಂಟು ಬಡಿತ ಹೆಚ್ಚಿದ್ದರೆ ಜ್ವರ ಬರುತ್ತಿದೆ ಅಥವಾ ದಣಿವು ಆರಿಲ್ಲ. ಅಂದು ನಡಿಗೆ ಸಾಕು.

ಮಳೆಗಾಲದಲ್ಲಿ ದಂಡೆ ಕೊರೆದು ಹೋಗುತ್ತದೆ, ಅಲೆ ನಂಬುವಂಥದ್ದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಳನ್ನು ಮರೆತುಬಿಡುವುದೇ ಕ್ಷೇಮ. ಚಿರೇಕಲ್ಲಿನ ಮೆಟ್ಟಿಲು, ಕಟ್ಟೆಗಳ ಮೇಲೆ ಹಾವಸೆ ಕಟ್ಟಿರುತ್ತದೆ, ಅಲ್ಲಿ ನಡೆದೇ ದಾಟಬೇಕು. ಕಾಲಿನಲ್ಲಿ ಗಾಯವಿದ್ದಾಗ ನಿಂತ ನೀರಿಗೆ ಇಳಿಯಬೇಡಿ, ಇಲಿಜ್ವರ ಬರುವುದು ಹಾಗೆಯೇ. ಒದ್ದೆ ಶೂವಿನ ಒಳಪದರ ತೆಗೆದು, ಸಿಹಿನೀರಿನಲ್ಲಿ ತೊಳೆದು, ಹಳೆಯ ಪತ್ರಿಕೆಯ ಹಾಳೆ ತುರುಕಿ, ಎರಡು ಗಂಟೆಗೊಮ್ಮೆ ಹಾಳೆ ಬದಲಿಸಿದರೆ ಮರುದಿನಕ್ಕೆ ಒಣಗುತ್ತದೆ. ಒಲೆಯ ಮುಂದೆ, ಸುಡುಬಿಸಿಲಲ್ಲಿ ಇಟ್ಟರೆ ಅಂಟು ಬಿಡುತ್ತದೆ. ಶೂವಿನ ಆಯುಸ್ಸು 500ರಿಂದ 800 ಕಿಲೋಮೀಟರ್. ಮೇಲ್ಭಾಗ ಹೊಸದಾಗಿ ಕಂಡರೂ ಒಳಗಿನ ಮೆತ್ತೆ ಕುಗ್ಗಿರುತ್ತದೆ.

ಘಟ್ಟದ ಮೇಲಿನವರಿಗೆ ಒಂದೇ ಮಾತು. ಶಿರಸಿ, ಸಿದ್ದಾಪುರ ಕಡೆಯ ಕಾಡುಹಾದಿಯಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಉಣುಗಿನ ಕಾಟ. ಆ ತಿಂಗಳುಗಳಲ್ಲಿ ಡಾಂಬರು ರಸ್ತೆ ಬಿಟ್ಟು ಇಳಿಯಬೇಡಿ. ಇಳಿಯಲೇಬೇಕಾದರೆ ಉದ್ದ ಪ್ಯಾಂಟು ಕಾಲುಚೀಲದೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿ, ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬೇರೆ ನೆನೆಹಾಕಿ. ಮಂಗ ಸತ್ತಿದ್ದು ಕಂಡ ದಾರಿಯಲ್ಲಿ ಮತ್ತೆ ಹೋಗಬಾರದು, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ನಗರಸಭೆಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಬೇಡಿಕೆ. ಕಡಲತೀರದ ಕಾಲುದಾರಿಯಲ್ಲಿ ಪ್ರತಿ 100 ಮೀಟರಿಗೆ ಒಂದು ಬಿಳಿ ಗೆರೆ ಎಳೆಸಿ. ದೊಡ್ಡ ಖರ್ಚಿನ ಕೆಲಸವಲ್ಲ. ಅಳೆಯಲು ಸೈಕಲ್ ಸಾಕು. ಚಕ್ರಕ್ಕೆ ಗಟ್ಟಿ ಗಾಳಿ ತುಂಬಿಸಿ, ವಾಲ್ವ್ ಕೆಳಗೆ ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಸವಾರ ಮೇಲೆ ಕುಳಿತಂತೆಯೇ 10 ಸುತ್ತು ತಳ್ಳಿ ಟೇಪಿನಿಂದ ಅಳೆಯಬೇಕು. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಹೋಗುತ್ತದೆ, 400 ಮೀಟರಿಗೆ 193 ಸುತ್ತು ಮತ್ತು ಸುಮಾರು ಒಂದು ಮೊಳ ಹೆಚ್ಚು. ಮೊಬೈಲ್ ಜಿಪಿಎಸ್ ಮೇಲ್ಸೇತುವೆಯ ಪಕ್ಕದಲ್ಲಿ, ಗಾಳಿಮರಗಳ ಕೆಳಗೆ ದಾರಿ ತಪ್ಪಿ ಲೆಕ್ಕ ಕೆಡಿಸುತ್ತದೆ. ಗೆರೆ ಕೆಡಿಸುವುದಿಲ್ಲ. 97 ಸೆಕೆಂಡಿನ ಸುತ್ತು ಕಲಿಯಬೇಕಾದ ಹುಡುಗನಿಗೆ ಆ ನಾಲ್ಕು ಗೆರೆ ಬೇಕೇ ಬೇಕು.

ಇನ್ನು ಇಳಿತದ ಸಮಯ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಉಬ್ಬರ–ಇಳಿತದ ಕೋಷ್ಟಕ ಹೊರತರುತ್ತದೆ. ಅದರಿಂದ ದಿನದ ಎರಡು ಉಬ್ಬರ, ಎರಡು ಇಳಿತದ ಸಮಯ, ಮೀಟರಿನಲ್ಲಿ ನೀರಿನ ಎತ್ತರ, ಇಷ್ಟು ತೆಗೆದು ಕೊಟ್ಟರೆ ಸಾಕು. ಎತ್ತರವನ್ನು ಬಿಡಬೇಡಿ, ಮರಳಿನ ಪಟ್ಟಿ ಎಷ್ಟು ಅಗಲ ತೆರೆಯುತ್ತದೆಂದು ಗೊತ್ತಾಗುವುದು ಅದರಿಂದಲೇ. ದಿನವೂ ಜಾಗವಿಲ್ಲದಿದ್ದರೆ ಭಾನುವಾರ ಇಡೀ ವಾರದ್ದನ್ನು ಒಟ್ಟಿಗೆ ಹಾಕಿ. ಯಾವ ದಿನ ಮರಳು, ಯಾವ ದಿನ ಮೈದಾನ ಎಂದು ಅಂದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬೆಳಗಿನ ಓಟಗಾರರು, ಕಾರವಾರ