ಅಪ್ಪನ ಪಕ್ಕೆಲುಬಿನ ವಿಷಯ

ಲೀಡ್ಸ್, ಇಂಗ್ಲೆಂಡ್, ಫೆಬ್ರವರಿ 11

ಅಮ್ಮ,

ನಾನು ಚೆನ್ನಾಗಿದ್ದೇನೆ. ಚಳಿ ಇದೆ, ಊಟ ಸರಿಯಾಗಿ ಮಾಡುತ್ತಿದ್ದೇನೆ. ರವಿ, ಇದನ್ನು ಸಕಲೇಶಪುರದಲ್ಲಿ ಪ್ರಿಂಟ್ ತೆಗೆಸಿ ಅಮ್ಮನ ಕೈಗೇ ಕೊಡು. ಮೊಬೈಲಿನಲ್ಲಿ ನೋಡಿಕೊಂಡು ಓದಿ ಹೇಳಿದರೆ ಅರ್ಧ ಬಿಟ್ಟುಬಿಡುತ್ತೀಯ.

ಅಮ್ಮ, ನಿನ್ನ ಕಾಗದದ ಫೋಟೋ ನಿನ್ನೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಮೇಲೆ ನೋಡಿದೆ. ಮೆಣಸು ಕೊಯ್ಯಲು ಏಣಿ ಹತ್ತಿ ಅಪ್ಪ ಬಿದ್ದು ಎಂಟು ದಿನ ಆಯಿತಂತೆ. ನಡುವೆ ಎರಡು ಸಲ ಫೋನ್ ಮಾಡಿದ್ದೆ, ಎಲ್ಲರೂ ಆರಾಮ ಅಂದಿರಿ. ಆಳು ಸಿಗದಿದ್ದರೆ ಮೆಣಸು ಮರದಲ್ಲೇ ಉದುರಲಿ ಅಮ್ಮ. 68 ವರ್ಷಕ್ಕೆ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕುವುದಾ?

ಕಾಗದ ನೋಡಿದ ತಕ್ಷಣ ಅಪ್ಪನಿಗೆ ಫೋನ್ ಮಾಡಿದೆ. 'ಏನಿಲ್ಲ ಮಗಾ' ಅಂದರು, ಉಸಿರು ನಿಲ್ಲಿಸಿದರು, ಆಮೇಲೆ 'ಚೂರು ನೋವು' ಅಂದರು. ಎರಡು ಮಾತಿಗೊಂದು ಸಲ ನಿಲ್ಲಿಸುತ್ತಿದ್ದರು. ಒಂದು ಸಲ ಕೆಮ್ಮು ಬಂತು, ಅದನ್ನು ಗಂಟಲಲ್ಲೇ ನುಂಗಿದರು. ಇಲ್ಲಿ ದಿನಾ ಕೇಳುವ ಸದ್ದು ಅದು. ಅದಕ್ಕೇ ನನಗೆ ನಿದ್ದೆ ಬರಲಿಲ್ಲ.

ಮುರಿದದ್ದು ಎಡಗಡೆಯ 7 ಮತ್ತು 8ನೇ ಪಕ್ಕೆಲುಬು. ಸರಿದಿಲ್ಲ, ಎಕ್ಸ್-ರೇ ನೋಡಿದೆ. ಹೊಟ್ಟೆಯ ಸ್ಕ್ಯಾನೂ ಚೆನ್ನಾಗಿದೆ ಅಂತ ರವಿ ಹೇಳಿದ. ಮೂಳೆ ಸುಮಾರು ಆರು ವಾರದಲ್ಲಿ ತಾನೇ ಕೂಡುತ್ತದೆ, ಅದರ ಚಿಂತೆ ನನಗಿಲ್ಲ. ನನ್ನ ಚಿಂತೆ ಪೂರ್ತಿ ಆ ಬಟ್ಟೆಯ ಕಟ್ಟಿನದು. ನಾಟಿ ವೈದ್ಯರು ಪಂಚೆ ಹರಿದು ಎದೆಗೆ ಬಿಗಿಯಾಗಿ ಸುತ್ತಿದ್ದಾರೆ ಅಂತ ಬರೆದಿದ್ದೀಯಲ್ಲ, ಈ ಕಾಗದ ಓದಿದ ಕೂಡಲೇ ಅದನ್ನು ಬಿಚ್ಚು. ಅವರು ಒಳ್ಳೆಯ ಮನಸ್ಸಿನಿಂದಲೇ ಕಟ್ಟಿದ್ದಾರೆ, ಬೈಯಬೇಡ. ಕೈಕಾಲಿಗೆ ಕಟ್ಟು ಸರಿ. ಎದೆಗೆ ಬೇಡ.

ಯಾಕೆ ಅಂದರೆ, ಎದೆಗೂಡು ಸುಮ್ಮನೆ ಇರುವ ಗೂಡಲ್ಲ. 12 ಜೊತೆ ಪಕ್ಕೆಲುಬು ಹಿಂದೆ ಬೆನ್ನೆಲುಬಿಗೆ ಸೇರಿವೆ. ಮೇಲಿನ ಏಳು ಜೊತೆ ಮುಂದೆ ಎದೆ ಮೂಳೆಗೆ ಮೃದ್ವಸ್ಥಿ ಅನ್ನುವ ಮೆತ್ತನೆ ಮೂಳೆಯ ಮೂಲಕ ನೇರವಾಗಿ ಸೇರುತ್ತವೆ, ಆಮೇಲಿನ ಮೂರು ಜೊತೆ ತಮ್ಮ ಮೇಲಿನದಕ್ಕೆ ಅಂಟಿಕೊಂಡಿವೆ, ಕಡೆಯ ಎರಡು ಜೊತೆಯ ಮುಂದಿನ ತುದಿ ಬಿಡಿ. ಉಸಿರು ಎಳೆದಾಗ ಮೇಲಿನವು ಶಾಲೆ ಮುಂದಿನ ಬೋರಿನ ಹಿಡಿಯ ಹಾಗೆ ಎದೆ ಮೂಳೆಯನ್ನು ಮುಂದಕ್ಕೆ, ಮೇಲಕ್ಕೆ ಎತ್ತುತ್ತವೆ. ಕೆಳಗಿನವು ಬಕೆಟ್ಟಿನ ಹಿಡಿಯ ಹಾಗೆ ಪಕ್ಕಕ್ಕೆ ಏಳುತ್ತವೆ. ನಿಮಿಷಕ್ಕೆ 15 ಸಲ ಅಂದರೂ ದಿನಕ್ಕೆ 21,600 ಸಲ. ಬಿಗಿದು ಕಟ್ಟಿದರೆ ಆ ಹಿಡಿ ಏಳುವುದು ಹೇಗೆ ಹೇಳು?

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ ಅಮ್ಮ. ಅದರ ಮೇಲೊಂದು ಪೊರೆ, ಎದೆಗೂಡಿನ ಒಳಗೋಡೆಗೊಂದು ಪೊರೆ, ನಡುವೆ ತೆಳ್ಳಗೆ ನೀರು. ಒದ್ದೆ ಬಾಳೆಲೆ ಎರಡು ಅಂಟಿಕೊಂಡ ಹಾಗೆ. ಜಾರುತ್ತವೆ, ಬಿಡುವುದಿಲ್ಲ. ಗೋಡೆ ಹಿಗ್ಗಿದರೆ ಶ್ವಾಸಕೋಶವೂ ಹಿಗ್ಗಬೇಕು. ಕೆಳಗೆ ವಪೆ ಅಂತ ಒಂದು ಸ್ನಾಯು ಇದೆ, ಬಾಣಲೆ ಮಗುಚಿಟ್ಟ ಹಾಗೆ. ಉಸಿರಾಟದ ದೊಡ್ಡ ಪಾಲು ಕೆಲಸ ಅದರದ್ದೇ. ಅದು ಕೆಳಗಿಳಿದಾಗ ಗಾಳಿ ಒಳಗೆ ಬರುತ್ತದೆ. ಸುಮ್ನೆ ಕೂತಾಗ ನಾವು ಎಳೆಯುವುದು ಒಂದು ಸಲಕ್ಕೆ ಅರ್ಧ ಲೀಟರ್, ಒಂದು ಹಾಲಿನ ಪ್ಯಾಕೆಟ್ಟಿನಷ್ಟು. ನೋವಿಗೆ ಹೆದರಿ ಅಪ್ಪ ಅಷ್ಟೂ ಎಳೆಯುತ್ತಿಲ್ಲ. ಹಾಗಾದಾಗ ಶ್ವಾಸಕೋಶದ ಬುಡದಲ್ಲಿರುವ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಕೆಮ್ಮದೆ ಕಫ ಅಲ್ಲೇ ನಿಲ್ಲುತ್ತದೆ. ನಿಂತ ಕಫಕ್ಕೆ ಸೋಂಕು ಹಿಡಿದರೆ ನ್ಯುಮೋನಿಯಾ. ಈ ವಯಸ್ಸಿನವರಿಗೆ ಪಕ್ಕೆಲುಬು ಮುರಿದಾಗ ನಾವು ಹೆದರುವುದು ಅದಕ್ಕೇ.

ಇನ್ನೊಂದು. ನೋವು ಸುತ್ತಿಕೊಂಡು ಹೊಟ್ಟೆಯ ಮೇಲ್ಭಾಗಕ್ಕೆ ಬರುತ್ತದೆ, ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಕೊಟ್ಟೆ ಅಂದಿದ್ದೀಯ. ಕಷಾಯ ಕುಡಿಯಲಿ, ತೊಂದರೆ ಇಲ್ಲ. ಆದರೆ ಹೆಚ್ಚಿನ ಪಕ್ಕೆಲುಬುಗಳ ಕೆಳ ಅಂಚಿನಲ್ಲಿ ಸಣ್ಣ ಕಾಲುವೆ ಇದೆ, ಅದರಲ್ಲಿ ರಕ್ತನಾಳದ ಜೊತೆ ನರ ಓಡುತ್ತದೆ. 7, 8ನೇ ನರ ಮುಂದೆ ಬಂದು ಮುಗಿಯುವುದು ಹೊಟ್ಟೆಯ ಮೇಲ್ಭಾಗದಲ್ಲೇ. ನೋವು ಅಲ್ಲಿಗೆ ಬರುವುದು ಹಾಗೆ. ಹೊಟ್ಟೆ ಗಟ್ಟಿಯಾದರೆ, ನೋವು ಜಾಸ್ತಿಯಾದರೆ, ತಲೆ ಸುತ್ತಿದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಹಾಸನದ ಆಸ್ಪತ್ರೆಯಲ್ಲಿ ಎಕ್ಸ್-ರೇ ಫಿಲ್ಮ್ ನೋಡಿ ಮಾತ್ರೆ ಬರೆದು ಕಳಿಸಿದರಂತೆ. ಉಸಿರಾಟದ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ ಅನ್ನುವುದು ನನಗೆ ಬಹಳ ಬೇಜಾರು. ಆ ಮಾತ್ರೆಯನ್ನು ಅಪ್ಪ ನೋವು ತಡೆಯಲಾಗದಿದ್ದಾಗ ಮಾತ್ರ ನುಂಗುತ್ತಿದ್ದಾರೆ, ಅಲ್ವಾ? ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡು. ನೋವು ಕಮ್ಮಿ ಆದರೆ ತಾನೇ ಆಳವಾಗಿ ಉಸಿರು ಎಳೆಯಲು ಆಗುವುದು. ಮಾತ್ರೆ ನುಂಗುವುದರಲ್ಲಿ ಸೋಲೇನೂ ಇಲ್ಲ ಅಂತ ನಾನು ಹೇಳಿದೆ ಅನ್ನು.

ಮಾತ್ರೆ ಕೊಟ್ಟು ಅರ್ಧ ಗಂಟೆ ಆದ ಮೇಲೆ ಜಗಲಿಯಲ್ಲಿ ನೇರ ಕೂರಿಸು. ನಿನ್ನ ಎರಡು ಅಂಗೈಯನ್ನೂ ಕೆಳಗಿನ ಪಕ್ಕೆಲುಬಿನ ಮೇಲೆ, ಎರಡು ಪಕ್ಕಕ್ಕೆ, ಹಗುರವಾಗಿ ಇಡು. ಒತ್ತಬೇಡ. ಮೂಗಿನಿಂದ ನಿಧಾನ ಎಳೆದು ನಿನ್ನ ಕೈಯನ್ನು ಹೊರಗೆ ತಳ್ಳಲಿ. ಮೂರು ಎಣಿಸುವ ತನಕ ಹಿಡಿಯಲಿ, ಬಿಡಲಿ. ಅಪ್ಪನ ಎಡಪಕ್ಕದ ಮೇಲಿಟ್ಟ ಕೈ ಮೊದಮೊದಲು ಅಲ್ಲಾಡುವುದಿಲ್ಲ, ನೋಡು. ಎರಡು ದಿನದಲ್ಲಿ ಅಲ್ಲಾಡುತ್ತದೆ. ಎದ್ದಿರುವಾಗ ಗಂಟೆಗೊಮ್ಮೆ ಐದಾರು ಸಲ ಸಾಕು. ಆಮೇಲೆ ದಿಂಬನ್ನು ನೋವಿರುವ ಕಡೆಗೆ ಅಪ್ಪಿ ಹಿಡಿದುಕೊಂಡು ಜೋರಾಗಿ ಕೆಮ್ಮಲಿ. ಕೆಮ್ಮಿದರೆ ಮೂಳೆ ಇನ್ನೂ ಬಿರಿಯುತ್ತದೆ ಅಂತ ಹೆದರುತ್ತಾರೆ. ದಿಂಬು ಹಿಡಿದು ಕೆಮ್ಮಿದರೆ ಹೆದರಬೇಕಾಗಿಲ್ಲ.

ರವಿ, ಮೂರು ಚೆಂಡಿನ ಉಸಿರಾಟದ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ತಾ. ಅದು ಊದುವುದಲ್ಲ, ಎಳೆಯುವುದು. ಅಪ್ಪ ಒಲೆ ಊದಿದ ಹಾಗೆ ಊದಲು ಹೊರಡುತ್ತಾರೆ, ನೀನು ಎಳೆದು ತೋರಿಸು. ದಿನಾ ಕಣದ ತನಕ ನಡೆಸಿಕೊಂಡು ಹೋಗು. ಬಚ್ಚಲ ಒಲೆಯ ಹೊಗೆಯ ಹತ್ತಿರ ಬಿಡಬೇಡ. ಬೀಡಿ ಬೇಡವೇ ಬೇಡ.

ಇಲ್ಲಿ ಹೋದ ತಿಂಗಳು ಕುರಿ ಸಾಕುವ ಒಬ್ಬ ಅಜ್ಜ ಬಂದಿದ್ದರು, ಅವರದ್ದೂ ಪಕ್ಕೆಲುಬು. ಮಾರನೇ ದಿನವೇ ನಡೆಸಿದೆವು. ಹೊಸಬರಿಗೆ ಇದು ಕ್ರೂರ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಇಲ್ಲಿನ ಅಜ್ಜ ಅಜ್ಜಿಯರು ನನ್ನನ್ನು 'ಲವ್' ಅಂತ ಕರೆಯುತ್ತಾರೆ ಅಮ್ಮ, ನಾವು 'ಮಗಾ' ಅನ್ನುವ ಹಾಗೆ. ಬಿಸಿನೀರಿಗೆ ಪುಡಿ ಕದಡಿ ಅದನ್ನೇ ಕಾಫಿ ಅನ್ನುತ್ತಾರೆ. ನಮ್ಮ ತೋಟದ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ ವಾರ್ಡಿನವರಿಗೆ ಕೊಟ್ಟೆ. ಇಬ್ಬರು ಎರಡನೇ ಲೋಟ ಕೇಳಿದರು. ಅಪ್ಪನಿಗೆ ಹೇಳು, ಖುಷಿ ಪಡುತ್ತಾರೆ.

ಉಸಿರು ಜಾಸ್ತಿ ಕಟ್ಟಿದರೆ, ಜ್ವರ ಬಂದರೆ, ಕಫ ಹಳದಿ ಹಸಿರಾದರೆ ಇಲ್ಲಾ ರಕ್ತ ಕಂಡರೆ, ಮಾತು ತಡವರಿಸಿದರೆ, ರಾತ್ರಿಯಾದರೂ ಕಾರು ತೆಗೆಯಿರಿ. ಹಾಗೇನೂ ಆಗುವುದಿಲ್ಲ. ಅಪ್ಪ ಗಟ್ಟಿ ಜೀವ, ಆರು ವಾರದಲ್ಲಿ ತೋಟ ಸುತ್ತುತ್ತಾರೆ, ನೀನು ಹೆದರಬೇಡ, ನಾನೂ ಹೆದರಿಲ್ಲ. ಹಣ ರವಿಯ ಖಾತೆಗೆ ಹಾಕಿದ್ದೇನೆ, ಸಾಲದಿದ್ದರೆ ಹೇಳಿ. ನಾಳೆ ನಿಮ್ಮ ಸಂಜೆ ಆರಕ್ಕೆ ವಿಡಿಯೋ ಕಾಲ್ ಮಾಡುತ್ತೇನೆ. ಅಷ್ಟರಲ್ಲಿ ಕಟ್ಟು ಬಿಚ್ಚಿರಬೇಕು, ಅಪ್ಪ ಅಂಗಿ ತೆಗೆದು ಕೂತಿರಲಿ, ಎಡಪಕ್ಕ ಏಳುವುದನ್ನು ನಾನೇ ನೋಡಬೇಕು.

ಬಸ್ಸಿಗೆ ಹೊತ್ತಾಯಿತು. ಅಜ್ಜಿಗೆ ನಮಸ್ಕಾರ.

ನಿನ್ನ
ಸುಮಾ