‘ಇಟ್’ ಬಿಡಿ, ‘ಹೂ’ ಇಡಿ
ಎಲ್ಲರಿಗೂ ನಮಸ್ಕಾರ. ನಿನ್ನೆ ನೀವು ಅಭ್ಯಾಸಕ್ಕೆ ಹಾಕಿದ ಇಂಗ್ಲಿಷ್ ವಾಕ್ಯಗಳಲ್ಲಿ ಒಂದೇ ತಪ್ಪು ಜಾಸ್ತಿ ಕಾಣಿಸಿತು: ‘ದಿ ಫಾರ್ಮ್ ವಿಚ್ ಐ ಮಸ್ಟ್ ಸೈನ್ ಇಟ್’. ಕೊನೆಯ ‘ಇಟ್’ ಬೇಡ. ‘ವಿಚ್’ ಅಂದಾಗಲೇ ಫಾರ್ಮ್ ಬಂದಾಯಿತಲ್ವಾ? ನಾವು ‘ನಾನು ಸಹಿ ಮಾಡಬೇಕಾದ ಫಾರ್ಮ್’ ಅಂತ ಫಾರ್ಮನ್ನು ಕೊನೆಗೆ ಇಡುತ್ತೇವೆ. ಇಂಗ್ಲಿಷಿನಲ್ಲಿ ಅದು ಮೊದಲು, ವಿವರ ಆಮೇಲೆ. ಇಲ್ಲಿ ‘ವಿಚ್’ ಬಿಟ್ಟರೂ ನಡೆಯುತ್ತದೆ: ‘ದಿ ಫಾರ್ಮ್ ಐ ಮಸ್ಟ್ ಸೈನ್’.

ಆದರೆ ‘ದಿ ಡಾಕ್ಟರ್ ಹೂ ಕ್ಯಾನ್ ಹೆಲ್ಪ್ ಅಸ್’ನಲ್ಲಿ ‘ಹೂ’ ತೆಗೆಯಬೇಡಿ. ಸಹಾಯ ಮಾಡುವವರು ಯಾರು ಅಂತ ಹೇಳುವುದೇ ಅದು. ‘ಹೂ ಹೀ ಕ್ಯಾನ್’ ಕೂಡ ಬೇಡ. ‘ಕ್ಯಾನ್’, ‘ಮಸ್ಟ್’, ‘ಶುಡ್’ ಆದಮೇಲೆ ‘ಹೆಲ್ಪ್’ ಅಷ್ಟೇ. ‘ಹೆಲ್ಪ್ಸ್’ ಅಲ್ಲ, ‘ಟು ಹೆಲ್ಪ್’ ಅಲ್ಲ.

ಇಂಥ ಎರಡು ವಾಕ್ಯ ರಾತ್ರಿ 9ರೊಳಗೆ ಹಾಕಿ. ವಾಯ್ಸ್ ಮೆಸೇಜ್ ಬೇಡ, ಟೈಪ್ ಮಾಡಿ.