ಮಂಗಳೂರು ಸೀನರಿ 2.0: ಪ್ಲಗಿನ್ ತೆಗೆದಿದ್ದೇವೆ, ಹಳೆಯ ಫೋಲ್ಡರ್ ಅಳಿಸಿಯೇ ಹಾಕಿಕೊಳ್ಳಿ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ವಿಮಾನ ಹಾರಾಟದ ಸಿಮ್ಯುಲೇಟರ್ ಎಕ್ಸ್-ಪ್ಲೇನ್‌ಗೆ ನಾವು ಕೊಡುತ್ತಿರುವ ಮಂಗಳೂರು ವಿಮಾನ ನಿಲ್ದಾಣದ ಸೀನರಿಯಲ್ಲಿ (ನಿಲ್ದಾಣದ ದೃಶ್ಯರೂಪ), ಟರ್ಮಿನಲ್‌ನಿಂದ ವಿಮಾನಕ್ಕೆ ಚಾಚುವ ಸೇತುವೆಯಾದ ಏರೋಬ್ರಿಜ್ ಆಡಿಸಲು ಒಂದು ಪ್ಲಗಿನ್ (ಸಿಮ್ಯುಲೇಟರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಇತ್ತು. 2.0 ಆವೃತ್ತಿಯಲ್ಲಿ ಅದು ಇರುವುದಿಲ್ಲ. ಎಕ್ಸ್-ಪ್ಲೇನ್ 12ರಲ್ಲಿ ಏರೋಬ್ರಿಜ್ ವ್ಯವಸ್ಥೆ ಸಿಮ್ಯುಲೇಟರ್‌ನಲ್ಲೇ ಇದೆ, ಈಗ ಅದನ್ನೇ ಬಳಸಿದ್ದೇವೆ.

ತೆಗೆಯಲು ಕಾರಣ ಕ್ರ್ಯಾಶ್. ಮಂಗಳೂರು ನಿಲ್ದಾಣವಿರುವ ಬಜ್ಪೆಯಿಂದ ಹೊರಟು ದೂರ ಹೋದಂತೆ ಸಿಮ್ಯುಲೇಟರ್ ಅಲ್ಲಿನ ಸೀನರಿಯನ್ನು ಮೆಮೊರಿಯಿಂದ ಇಳಿಸುತ್ತದೆ. ನಮ್ಮ ಪ್ಲಗಿನ್ ಮಾತ್ರ ಇಳಿಸಿದ ಏರೋಬ್ರಿಜ್‌ನ ಹಳೆಯ ಮೆಮೊರಿ ವಿಳಾಸವನ್ನೇ ಹಿಡಿದುಕೊಂಡಿರುತ್ತಿತ್ತು. ವಾಪಸ್ ಬರುವಾಗ ಆ ವಿಳಾಸ ಮುಟ್ಟಿದರೆ ಸಿಮ್ಯುಲೇಟರ್ ದಿಢೀರನೆ ಮುಚ್ಚಿಕೊಳ್ಳುತ್ತಿತ್ತು. ತಪ್ಪು ನಮ್ಮದು. ಗಂಟೆಗಟ್ಟಲೆ ಹಾರಿ, ರನ್‌ವೇ ಕಣ್ಣಿಗೆ ಬಿದ್ದ ಮೇಲೆ ಎಲ್ಲ ಕಳೆದುಕೊಂಡವರ ಕ್ಷಮೆ ಕೇಳುತ್ತೇವೆ.

ಹೊಸದನ್ನು ಹಳೆಯದರ ಮೇಲೆ ಕಾಪಿ ಮಾಡಬೇಡಿ. ಹಾಗೆ ಮಾಡಿದರೆ ಒಳಗಿನ 'ಪ್ಲಗಿನ್ಸ್' ಫೋಲ್ಡರ್ ಅಲ್ಲೇ ಉಳಿದು ಮತ್ತೆ ಲೋಡ್ ಆಗುತ್ತದೆ. ಸಿಮ್ಯುಲೇಟರ್ ಮುಚ್ಚಿ, 'ಕಸ್ಟಮ್ ಸೀನರಿ'ಯಲ್ಲಿರುವ ನಮ್ಮ ಫೋಲ್ಡರನ್ನು ಪೂರ್ತಿ ಅಳಿಸಿ, ಹೊಸದನ್ನು ಇಟ್ಟ ಮೇಲೆಯೇ ತೆರೆಯಿರಿ. ನಡುವೆ ಒಮ್ಮೆ ತೆರೆದರೆ ಸೀನರಿಗಳ ಲೋಡ್ ಕ್ರಮವಿರುವ 'ಸೀನರಿ ಪ್ಯಾಕ್ಸ್' ಪಟ್ಟಿಯಿಂದ ನಮ್ಮ ಸಾಲು ಬಿಟ್ಟುಹೋಗುತ್ತದೆ. ಆಮೇಲೆ ಹೊಸ ಸಾಲು ಪಟ್ಟಿಯ ತಲೆಯಲ್ಲಿ ಸೇರಿ, ನೀವು ಮಾಡಿಟ್ಟ ಕ್ರಮ ಕೆಡುತ್ತದೆ.

ಇಷ್ಟಾದ ಮೇಲೂ ಕ್ರ್ಯಾಶ್ ಆದರೆ ಸಿಮ್ಯುಲೇಟರ್ ಮತ್ತೆ ತೆರೆಯುವ ಮೊದಲು, ಎಕ್ಸ್-ಪ್ಲೇನ್ ಫೋಲ್ಡರಿನ 'ಲಾಗ್' ಕಡತವನ್ನು (ಸಿಮ್ಯುಲೇಟರ್ ನಡೆದದ್ದನ್ನು ಬರೆದಿಡುವ ದಾಖಲೆ) ಬೇರೆಡೆ ಕಾಪಿ ಮಾಡಿ. ಮರಳಿ ತೆರೆದರೆ ಅದೇ ಹೆಸರಲ್ಲಿ ಹೊಸ ಲಾಗ್ ಶುರುವಾಗುತ್ತದೆ. ಕಡತದ ಕೊನೆಯಲ್ಲಿ, ಇಂಥ ಪ್ಲಗಿನ್‌ನಿಂದ ಕ್ರ್ಯಾಶ್ ಆಗಿದೆ ಎಂಬ ಸಾಲು ಇದೆಯೇ ನೋಡಿ. ಅಲ್ಲಿ ಬರುವುದು ಆ ಕ್ಷಣದಲ್ಲಿ ಓಡುತ್ತಿದ್ದ ಪ್ಲಗಿನ್ ಹೆಸರು. ಬಹಳ ಸಲ ತಪ್ಪು ಅದರದೇ, ಆದರೆ ಬೇರೊಂದು ಕೆಡಿಸಿಟ್ಟ ಮೆಮೊರಿಯ ಮೇಲೆ ಇದು ಎಡವಿರಲೂಬಹುದು. ಖಚಿತವಾಗಬೇಕಾದರೆ 'ರಿಸೋರ್ಸಸ್' ಒಳಗಿನ 'ಪ್ಲಗಿನ್ಸ್'ನಿಂದ ಅರ್ಧ ಫೋಲ್ಡರ್‌ಗಳನ್ನು ಹೊರಗಿಟ್ಟು ಹಾರಿ ನೋಡಿ. ಕ್ರ್ಯಾಶ್ ನಿಂತರೆ ತಪ್ಪು ಹೊರಗಿಟ್ಟ ಅರ್ಧದಲ್ಲಿದೆ, ಇಲ್ಲವಾದರೆ ಉಳಿದ ಅರ್ಧದಲ್ಲಿ. ಹದಿನಾರು ಪ್ಲಗಿನ್ ಇದ್ದರೂ ನಾಲ್ಕು ಸುತ್ತಿನಲ್ಲಿ ಸಿಗುತ್ತದೆ. ಅದೇ ಜಾಗದಲ್ಲಿ ಬಿಡಿಯಾಗಿರುವ ಎಕ್ಸ್‌ಪಿಎಲ್‌ಎಂ, ಎಕ್ಸ್‌ಪಿ-ವಿಜೆಟ್ಸ್ ಕಡತಗಳನ್ನು ಮಾತ್ರ ಮುಟ್ಟಬೇಡಿ. ಅವು ಸಿಮ್ಯುಲೇಟರ್‌ನವೇ.

ಪ್ಲಗಿನ್ ಹೆಸರಿಲ್ಲದೆ 'ಡಿವೈಸ್ ಲಾಸ್' (ಗ್ರಾಫಿಕ್ಸ್ ಕಾರ್ಡ್ ಸಂಪರ್ಕ ಕಡಿದುಹೋಗುವುದು) ಎಂದಿದ್ದರೆ ಮೊದಲ ಅನುಮಾನ ಗ್ರಾಫಿಕ್ಸ್ ಮೆಮೊರಿಯ ಮೇಲಿರಲಿ. ಟೆಕ್ಸ್ಚರ್ (ಮೇಲ್ಮೈಗಳಿಗೆ ಹಚ್ಚುವ ಚಿತ್ರ) ಗುಣಮಟ್ಟ ಒಂದು ಹಂತ ಇಳಿಸಿ ನೋಡಿ. ನಮ್ಮ ಪಾಲಿನ ಭಾರವನ್ನೂ ಇಳಿಸಿದ್ದೇವೆ. ಉದ್ದ, ಅಗಲ 4096 ಪಿಕ್ಸೆಲ್ ಇದ್ದು ಡಿಎಕ್ಸ್‌ಟಿ5 ರೀತಿಯಲ್ಲಿ ಕುಗ್ಗಿಸಿದ ಟೆಕ್ಸ್ಚರ್ ಒಂದಕ್ಕೆ ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಇಡುವ ಚಿಕ್ಕ ಪ್ರತಿಗಳು) ಸೇರಿ ಸುಮಾರು 21 ಎಂಬಿ ಬೇಕು, 2048ಕ್ಕೆ 5 ಎಂಬಿ ಸಾಕು. ಟರ್ಮಿನಲ್ ಒಳಗೋಡೆ, ಛಾವಣಿಗಳನ್ನು 2048ಕ್ಕೆ ತಂದಿದ್ದೇವೆ. ರನ್‌ವೇ ಗುರುತುಗಳು 4096ರಲ್ಲೇ ಇವೆ, ಅವನ್ನು ಮಸುಕು ಮಾಡಲು ಮನಸ್ಸು ಬರಲಿಲ್ಲ.

ಎಕ್ಸ್-ಪ್ಲೇನ್ 11ರಲ್ಲಿ ಈ ಏರೋಬ್ರಿಜ್ ವ್ಯವಸ್ಥೆ ಇಲ್ಲ, ಹಾಗಾಗಿ 2.0 ಅಲ್ಲಿ ನಡೆಯುವುದಿಲ್ಲ. ಅಂಥವರು ಹಳೆಯ ಆವೃತ್ತಿಯಲ್ಲೇ ಇದ್ದು, ಪ್ಯಾಕ್ ಒಳಗಿನ 'ಪ್ಲಗಿನ್ಸ್' ಫೋಲ್ಡರ್ ಅಳಿಸಿಬಿಡಿ. ಏರೋಬ್ರಿಜ್ ಆಡುವುದಿಲ್ಲ, ಆದರೆ ಈ ಕ್ರ್ಯಾಶ್ ಇರುವುದಿಲ್ಲ.

ಕಾಪಿ ಮಾಡಿಟ್ಟ ಲಾಗ್ ಕಡತವನ್ನು ಈ ಪತ್ರಕ್ಕೇ ಉತ್ತರವಾಗಿ ಕಳಿಸಿ. ಕೊನೆಯ ಕೆಲವು ಸಾಲು ಮಾತ್ರ ಬೇಡ, ಇಡೀ ಕಡತ ಬೇಕು. ಯಾವ ಪ್ಲಗಿನ್ ಯಾವ ಕ್ರಮದಲ್ಲಿ ಲೋಡ್ ಆಯಿತೆಂಬುದು ಮೇಲ್ಭಾಗದಲ್ಲೇ ಇರುತ್ತದೆ.

ಇಂತಿ,
ಸೀನರಿ ತಂಡ